ಪಿಕಪ್ ಹಿಂದಿನ ಹುಕ್ಕಿನ ಮೇಲೆ ಎಷ್ಟು ಎಳೀಬಹುದು ಅಂತ ನಂಬರ್ ಇರ್ಲಿ

ಸಂಪಾದಕರಿಗೆ ನಮಸ್ಕಾರ,

ಮಳೆ ನಿಂತು ಮನೆ ಕಟ್ಟುವ ಕೆಲಸ ಎಲ್ಲ ಕಡೆ ಶುರುವಾಗಿದೆ. ಇನ್ನು ಮೇ ತಿಂಗಳ ತನಕ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಹೆದ್ದಾರಿ 66ರಲ್ಲಿ ಕತ್ತಲಾದ ಮೇಲೆ ಬೈಕಲ್ಲಿ ಹೋಗುವವರಿಗೆ ನಾನು ಹೇಳುವ ವಿಷಯ ಚೆನ್ನಾಗಿ ಗೊತ್ತುಂಟು. ಮುಂದೆ ಒಂದು ಪಿಕಪ್, ಅದರ ಹಿಂದೆ ಕಾಂಕ್ರೀಟ್ ಮಿಲ್ಲರ್, ಇವತ್ತು ಒಂದು ಕಡೆ ಸ್ಲ್ಯಾಬ್ ಮುಗಿಸಿ ನಾಳೆ ಬೆಳಿಗ್ಗೆಗೆ ಇನ್ನೊಂದು ಸೈಟಿಗೆ ಮುಟ್ಟಬೇಕು ಅಂತ ಗಡಿಬಿಡಿಯಲ್ಲಿ ಹೋಗ್ತಾ ಇರ್ತದೆ. ಪಿಕಪ್‌ನ ಹಿಂದಿನ ಲೈಟು ಮಿಲ್ಲರ್‌ನ ಡ್ರಮ್ಮಿನ ಮರೆಯಲ್ಲಿ ಹೋಯ್ತು, ಮಿಲ್ಲರ್‌ಗೆ ಲೈಟೂ ಇಲ್ಲ ರಿಫ್ಲೆಕ್ಟರೂ ಇಲ್ಲ, ಹುಕ್ಕಿಗೆ ಹಾಕಿದ ಪಿನ್ನು ನೋಡಿದ್ರೆ ಟಿಎಂಟಿ ರಾಡಿನ ಒಂದು ತುಂಡು, ಅದು ಹಾರಿ ಹೋಗಬಾರ್ದು ಅಂತ ಬೈಂಡಿಂಗ್ ವಯರ್ ಸುತ್ತಿದ್ದು. ಆ ವಯರ್ ಮೇಲೆ ಹಿಂದೆ ಬರುವ ಅಷ್ಟೂ ಜನರ ಜೀವ ನಿಂತಿರ್ತದೆ.

ಮಿಲ್ಲರ್ ಒಂದೇ ಅಲ್ಲ. ಮದುವೆ, ಕಂಬಳ, ಯಕ್ಷಗಾನದ ಆಟ, ರಥೋತ್ಸವ ಅಂತ ಜನರೇಟರ್ ಎಳ್ಕೊಂಡು ಹೋಗುವವರು ಇದ್ದಾರೆ, ಕಲ್ಲು ಒಡೆಯುವ ಕಂಪ್ರೆಸರ್ ಉಂಟು, ಮಲ್ಪೆ ಮುರ್ಡೇಶ್ವರ ಕಡೆ ವಾಟರ್ ಸ್ಪೋರ್ಟ್ಸ್ ಬಂದ ಮೇಲೆ ಜೆಟ್ ಸ್ಕೀ, ಸಣ್ಣ ಬೋಟು ಎಳೆಯುವುದೂ ಶುರುವಾಗಿದೆ. ಘಟ್ಟದ ಮೇಲೆ ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಒಕ್ಕುವ ಮಷಿನ್ನು. ಮೊದ್ಲೆಲ್ಲ ಇದಕ್ಕೆ ಟ್ರ್ಯಾಕ್ಟರ್ ಇತ್ತು, ಟ್ರ್ಯಾಕ್ಟರ್ ಅಂದ್ರೆ ಎಳೆಯುವುದಕ್ಕೇ ಹುಟ್ಟಿದ್ದು, ಅದರ ಹಿಂದಿನ ಡ್ರಾಬಾರು ಕಂಪನಿಯೇ ಲೆಕ್ಕ ಹಾಕಿ ಕೊಟ್ಟದ್ದು. ಈಗ ಟ್ರ್ಯಾಕ್ಟರ್ ನಿಧಾನ ಅಂತ ಎಲ್ಲರೂ ಪಿಕಪ್‌ಗೆ ಬಂದ್ರು. ಪಿಕಪ್ ಹೊರುವುದಕ್ಕೆ ಮಾಡಿದ ಗಾಡಿ. ಎಳೆಯುವುದಕ್ಕೂ ಆಗ್ತದೆ, ಆಗುದಿಲ್ಲ ಅಂತ ನಾನು ಹೇಳುದಿಲ್ಲ, ಆದ್ರೆ ಅದಕ್ಕೆ ಸರಿಯಾದ ಹಿಚ್, ಅಂದ್ರೆ ಟ್ರೇಲರ್ ಸಿಕ್ಕಿಸುವ ಕೊಂಡಿ, ಹಾಕ್ಬೇಕು, ಹಾಕುವ ಕ್ರಮದಲ್ಲಿ ಹಾಕ್ಬೇಕು.

ನಾನು ಈ ಬಗ್ಗೆ ಬರೀಲಿಕ್ಕೆ ಕಾರಣ ಇದೇ ನನ್ನ ಕೆಲಸ. ಊರಿಗೆ ವಾಪಸ್ ಬರುವ ಮೊದ್ಲು ಮಸ್ಕತ್ ಹತ್ರ ಗ್ಯಾರೇಜಲ್ಲಿ ತುಂಬ ವರ್ಷ ಪಿಕಪ್‌ಗಳಿಗೆ ಟೋ ಬಾರ್ ಹಾಕಿದವ ನಾನು. ನಮ್ಮ ಕರಾವಳಿಯ ಎಷ್ಟೋ ಹುಡುಗರು ಆ ಕಡೆಯ ಗ್ಯಾರೇಜುಗಳಲ್ಲಿ ಇದ್ದಾರೆ, ಅವರಿಗೂ ಇದು ಗೊತ್ತಿರುವ ವಿಷಯ. ಅಲ್ಲಿ ಒಂಟೆಯನ್ನು ಟ್ರೇಲರ್‌ನಲ್ಲಿ ಅಲ್ಲ, ಹೈಲಕ್ಸ್‌ನ ಹಿಂದೆ ತೊಟ್ಟಿಯಲ್ಲೇ ಕೂರಿಸಿಕೊಂಡು ಹೋಗ್ತಾರೆ, ನೋಡಿದವರಿಗೆ ಗೊತ್ತು. ಆದ್ರೆ ಬೋಟು, ಜೆಟ್ ಸ್ಕೀ, ನೀರಿನ ಟ್ಯಾಂಕು ಇದೆಲ್ಲ ಟ್ರೇಲರ್ ಮೇಲೆ. ಅಲ್ಲಿಗೆ ಬರುವ ಹಿಚ್‌ಗಳಲ್ಲಿ ಎರಡು ಜಾತಿ, ಅಮೆರಿಕದ ದೊಡ್ಡ ಪಿಕಪ್‌ಗೆ ಹಾಕುವ ಚೌಕ ಪೈಪಿನ ರಿಸೀವರ್, ಹೆಚ್ಚಾಗಿ 2 ಇಂಚಿಂದು, ಮತ್ತೆ ಹೈಲಕ್ಸ್ ತರದ ಗಾಡಿಗೆ 50 ಮಿಲಿಮೀಟರ್ ಬಾಲ್, ಅಂದ್ರೆ ಟ್ರೇಲರ್‌ನ ಮೂತಿ ಕೂರುವ ಗುಂಡು, ಇರುವ ಟೋ ಬಾರ್. ಎರಡರಲ್ಲೂ ಒಂದು ವಿಷಯ ಸಮ, ಕಬ್ಬಿಣದ ಮೇಲೆ ಒಂದು ಪ್ಲೇಟ್ ಅಥವಾ ಸ್ಟಿಕ್ಕರ್ ಇರ್ತದೆ, ಈ ಹಿಚ್ ಇಷ್ಟು ತೂಕ ಎಳೀಬಹುದು, ಬಾಲ್ ಮೇಲೆ ಇಷ್ಟು ಭಾರ ಕೂರಬಹುದು, ಇದು ಇಂಥ ಮಾಡೆಲ್ ಗಾಡಿಗೆ. ಅದಿಲ್ಲದ ಕಬ್ಬಿಣವನ್ನು ನನ್ನ ಮೇಸ್ತ್ರಿ ಗಾಡಿ ಹತ್ರ ತರ್ಲಿಕ್ಕೇ ಬಿಡ್ತಿರ್ಲಿಲ್ಲ.

ಇಲ್ಲಿ ನಮ್ಮ ಕಡೆ ಎಂತ ಆಗ್ತದೆ ನೋಡಿ. ಪಿಕಪ್‌ನವ ವೆಲ್ಡಿಂಗ್ ಶೆಡ್ಡಿಗೆ ಬರ್ತಾನೆ, ಒಂದು ಹುಕ್ ಹಾಕಿ ಕೊಡಿ ಅಂತಾನೆ, ಅಲ್ಲಿ ಬಿದ್ದ ಹಳೇ ಲಾರಿ ಚಾಸಿಸ್‌ನ ತುಂಡೋ ಸಿ ಚಾನೆಲ್ಲೋ ತೆಗೆದು ಹಿಂದಿನ ಬಂಪರ್ ಪೈಪಿಗೆ ಅಥವಾ ಚಾಸಿಸ್ ತುದಿಗೆ ಇಟ್ಟು ಸುತ್ತ ವೆಲ್ಡ್ ಹೊಡೆದು ಕಪ್ಪು ಪೇಂಟ್ ಬಳಿದು ಕೊಡ್ತಾರೆ, ಅರ್ಧ ಗಂಟೆಯ ಕೆಲಸ. ನೋಡ್ಲಿಕ್ಕೆ ಗಟ್ಟಿ. ವೆಲ್ಡಿಂಗ್ ಮಾಡಿದವನನ್ನು ನಾನು ಬೈಯುದಿಲ್ಲ, ಅವನ ಕೈ ಕೆಲಸ ಚೆಂದವೇ ಇರ್ತದೆ, ಆದ್ರೆ ಅವನಿಗೆ ಆ ಚಾಸಿಸ್ ಎಂತದ್ದು, ಎಷ್ಟು ಎಳೀತದೆ ಅಂತ ಹೇಳುವವರು ಯಾರೂ ಇಲ್ಲ. ಅವನು ಅಂದಾಜಿನ ಮೇಲೆ ಮಾಡ್ತಾನೆ.

ಚಾಸಿಸ್‌ಗೆ ವೆಲ್ಡಿಂಗ್ ಯಾಕೆ ಬೇಡ ಅಂತ ತುಂಬ ಜನ ಕೇಳ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಪಿಕಪ್ ಚಾಸಿಸ್‌ನ ಉಕ್ಕು ಸಾದಾ ಕಬ್ಬಿಣ ಅಲ್ಲ, ತೂಕ ಕಮ್ಮಿ ಇಟ್ಟು ಬಲ ಜಾಸ್ತಿ ಸಿಗುವ ಹಾಗೆ ಮಾಡಿದ್ದು. ವೆಲ್ಡ್ ಮಾಡುವಾಗ ಕರಗಿದ ಜಾಗದ ಪಕ್ಕದಲ್ಲಿ ಒಂದು ಪಟ್ಟಿಯಷ್ಟು ಉಕ್ಕು ಕಾದು ತಣ್ಣಗಾಗಿ ಅದರ ಗುಣ ಬದಲಾಗ್ತದೆ, ಒಂದೊಂದು ಕಡೆ ಮೆತ್ತಗೆ, ಒಂದೊಂದು ಕಡೆ ಗಡುಸಾಗಿ ಬಿರುಕು ಬಿಡುವ ಹಾಗೆ. ವೆಲ್ಡ್ ಮುಗಿಯುವ ಅಂಚಲ್ಲಿ ಒಂದು ಸಣ್ಣ ಗೀಟು ಇರ್ತದಲ್ಲ, ಗುಂಡಿಗೆ ಬಿದ್ದು ಎದ್ದಾಗೆಲ್ಲ ಹುಕ್ ಮೇಲೆ ಕೆಳಗೆ ಜಗ್ಗಿ ಜಗ್ಗಿ ಬಿರುಕು ಶುರುವಾಗುದು ಅಲ್ಲಿಂದಲೇ. ಅದು ಒಂದೇ ದಿನದಲ್ಲಿ ಕಾಣುದಿಲ್ಲ. ಪೇಂಟಿನ ಅಡಿಯಲ್ಲಿ ಬೆಳೀತಾ ಹೋಗ್ತದೆ, ಒಂದು ದಿನ ಇಳಿಜಾರಲ್ಲಿ ಬ್ರೇಕ್ ಹಾಕುವಾಗಲೋ ಹಂಪ್ ಹತ್ತಿಸುವಾಗಲೋ ಹುಕ್ಕು ಚಾಸಿಸ್‌ನ ತುಂಡಿನ ಸಮೇತ ಕೈಗೆ ಬರ್ತದೆ. ಇನ್ನೊಂದು, 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಎಲ್ಲ ಕಡೆ ಸೆನ್ಸರ್, ಇಸಿಯು ಅಂದ್ರೆ ಗಾಡಿಯ ಕಂಪ್ಯೂಟರ್. ಬ್ಯಾಟರಿ ಕೇಬಲ್ ತೆಗೀದೆ ಚಾಸಿಸ್‌ಗೆ ಆರ್ಕ್ ವೆಲ್ಡಿಂಗ್ ಹೊಡೆದ್ರೆ ಆ ಕರೆಂಟು ಎಲ್ಲಿಂದ ಎಲ್ಲಿಗೆ ಹೋಗಿ ಎಂತ ಸುಟ್ಟು ಹಾಕ್ತದೆ ಹೇಳ್ಲಿಕ್ಕಾಗುದಿಲ್ಲ, ಹುಕ್ಕಿಗೆ ಕೊಟ್ಟದ್ದರ ಹತ್ತು ಪಟ್ಟು ಇಸಿಯುಗೆ ಕೊಡ್ಬೇಕಾದೀತು.

ಸರಿಯಾದ ಹಿಚ್ ಬೋಲ್ಟ್ ಮೇಲೆ ಕೂರುವಂಥದ್ದು. ಅದನ್ನು ಹಾಕುವ ಕೆಲಸ ಹೇಗೆ ಅಂತ ಓದುಗರಿಗೆ ಗೊತ್ತಾದ್ರೆ ಮುಂದಿನ ಸಲ ಶೆಡ್ಡಿಗೆ ಹೋದಾಗ ಕೇಳುವ ಪ್ರಶ್ನೆಯೇ ಬೇರೆ ಆಗ್ತದೆ. ಮೊದ್ಲು ಗಾಡಿ ಸಮ ನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕಟ್ಟೆ ಇಡುದು. ಹಿಂದೆ ಅಡಿಯಲ್ಲಿ ಸ್ಟೆಪ್ನಿ ನೇತಾಡ್ತಾ ಇರ್ತದೆ, ಅದನ್ನು ಹ್ಯಾಂಡಲ್ ತಿರುಗಿಸಿ ಇಳಿಸಿ ಹೊರಗೆ ತೆಗೀಬೇಕು, ಇಲ್ಲದಿದ್ರೆ ಕೈ ಹೋಗುದಿಲ್ಲ. ಕೆಲವು ಗಾಡಿಗೆ ಸೈಲೆನ್ಸರ್ ಪೈಪಿನ ರಬ್ಬರ್ ಬಿಚ್ಚಿ ಸ್ವಲ್ಪ ಕೆಳಗೆ ಬಿಡ್ಬೇಕಾಗ್ತದೆ. ಆಮೇಲೆ ಚಾಸಿಸ್‌ನ ಎರಡೂ ಬದಿ ಕಂಪನಿ ಮೊದ್ಲೇ ಕೊಟ್ಟ ತೂತು ಹುಡುಕುದು. ತೂತಲ್ಲಿ ಮಣ್ಣು ತುಕ್ಕು ತುಂಬಿರ್ತದೆ, ವಯರ್ ಬ್ರಶ್ ಹಾಕಿ ಎಣ್ಣೆ ಬಿಟ್ಟು ಮರೆ, ಅಂದ್ರೆ ಥ್ರೆಡ್, ಕ್ಲೀನ್ ಮಾಡುದು, ಈ ಒಂದು ಕೆಲಸಕ್ಕೆ ಉದಾಸೀನ ಮಾಡಿದ್ರೆ ಬೋಲ್ಟ್ ಅಡ್ಡ ಮರೆ ಹಿಡಿದು ಅರ್ಧದಲ್ಲಿ ಜಾಮ್ ಆಗ್ತದೆ, ಮತ್ತೆ ಅದನ್ನು ತೆಗೀಲಿಕ್ಕೆ ಒಂದು ದಿನ. ಚಾಸಿಸ್ ಪೂರ್ತಿ ಪೆಟ್ಟಿಗೆ ಹಾಗೆ ಮುಚ್ಚಿದ್ದಾದ್ರೆ ಒಳಗೆ ಕೈ ಹಾಕಿ ಬೋಲ್ಟ್ ಇಡ್ಲಿಕ್ಕಾಗುದಿಲ್ಲ, ಅದಕ್ಕೆ ಒಂದು ಸುರುಳಿ ತಂತಿ ಬರ್ತದೆ, ತಂತಿಯನ್ನು ಬೋಲ್ಟ್ ಕೂರುವ ತೂತಿಂದ ಒಳಗೆ ತುರುಕಿ ಹಿಂದಿನ ದೊಡ್ಡ ತೂತಿಂದ ಹೊರಗೆ ತಂದು, ಮೊದ್ಲು ದಪ್ಪ ಚೌಕ ವಾಷರ್ ಪೋಣಿಸಿ, ಆಮೇಲೆ ಬೋಲ್ಟ್ ತುದಿಗೆ ತಂತಿ ಸುತ್ತಿ ಮೆಲ್ಲ ಎಳೆದ್ರೆ ಬೋಲ್ಟ್ ಒಳಗಿಂದ ಬಂದು ಮರೆ ಇರುವ ತುದಿ ಹೊರಗೆ ಹಾಕ್ತದೆ. ಹೊಸ ಹುಡುಗರಿಗೆ ಇದನ್ನು ಕಲಿಸುವುದೇ ಒಂದು ಖುಷಿ ಮಾರಾಯ್ರೆ, ಮೊದ್ಲ ಸಲ ಬೋಲ್ಟ್ ಹೊರಗೆ ಬಂದಾಗ ಅವರ ಮುಖ ನೋಡ್ಬೇಕು.

ಹಿಚ್ ಅಂದ್ರೆ 20 ಕೆಜಿಗೂ ಮೇಲೆ ಭಾರ, ಒಬ್ಬರೇ ಮಲಗಿ ಎದೆ ಮೇಲೆ ಇಟ್ಕೊಂಡು ಎತ್ತುವ ಕೆಲಸ ಅಲ್ಲ, ಇಬ್ಬರು ಬೇಕು ಇಲ್ಲ ಜಾಕ್ ಬೇಕು. ಎಲ್ಲ ಬೋಲ್ಟನ್ನೂ ಮೊದ್ಲು ಕೈಯಲ್ಲಿ ಮಾತ್ರ ಬಿಗಿ ಮಾಡಿ, ಹಿಚ್ ಎರಡೂ ಬದಿಗೆ ಸಮ ಇದೆಯಾ ನೋಡಿ, ಆಮೇಲೆ ಟಾರ್ಕ್ ವ್ರೆಂಚ್ ಹಾಕಿ ಹಿಚ್ ಜೊತೆ ಬಂದ ಕಾಗದದಲ್ಲಿ ಬರೆದಷ್ಟೇ ಬಿಗಿ ಮಾಡುದು. ಪೈಪ್ ಹಾಕಿ ಜೋರು ಬಿಗಿದ್ರೆ ಗಟ್ಟಿ ಅಂತ ನಮ್ಮಲ್ಲೊಂದು ನಂಬಿಕೆ ಉಂಟು, ಅದು ತಪ್ಪು, ಜಾಸ್ತಿ ಬಿಗಿದ ಬೋಲ್ಟ್ ಎಳೆದು ಸಪೂರ ಆಗಿ ಅರ್ಧ ಸತ್ತಿರ್ತದೆ. ಓಡಿಸಿದ ಮೇಲೆ ಮೊದ್ಲ ಸಾವಿರ ಕಿಲೋಮೀಟರ್ ಒಳಗೆ ಇನ್ನೊಮ್ಮೆ ಬಿಗಿ ಚೆಕ್ ಮಾಡ್ಬೇಕು, ಪೇಂಟಿನ ಪದರ ಒತ್ತಿ ಕೂತು ಸ್ವಲ್ಪ ಸಡಿಲ ಆಗಿರ್ತದೆ. ಹೊಸ ತೂತು ಕೊರೀಲೇಬೇಕು ಅಂತಾದ್ರೆ ಕಂಪನಿಯವರು ಹೇಳಿದ ಜಾಗದಲ್ಲಿ ಮಾತ್ರ, ಚಾಸಿಸ್‌ನ ಮೇಲಿನ ಕೆಳಗಿನ ಪಟ್ಟಿಯಲ್ಲಿ ಯಾವತ್ತೂ ಬೇಡ, ಭಾರದ ಎಳೆತ ಜಾಸ್ತಿ ಇರುದು ಅಲ್ಲೇ. ಕೊರೆದ ತೂತಿನ ಅಂಚಿಗೆ ಪ್ರೈಮರ್ ಹಚ್ಚದೆ ಬಿಟ್ರೆ ನಮ್ಮ ಕರಾವಳಿ ಉಪ್ಪು ಗಾಳಿಗೆ ಎರಡು ಮಳೆಗಾಲದಲ್ಲಿ ತೂತು ದೊಡ್ಡದಾಗಿರ್ತದೆ.

ಬೋಲ್ಟ್ ಬಗ್ಗೆ ಹೇಳಲೇಬೇಕು. ಬೋಲ್ಟ್ ತಲೆ ಮೇಲೆ 8.8, 10.9 ಅಂತ ಕೆತ್ತಿರ್ತದೆ, ಅದು ಅಲಂಕಾರಕ್ಕೆ ಅಲ್ಲ. ಮೊದ್ಲ ಅಂಕಿಗೆ ನೂರು ಗುಣಿಸಿದ್ರೆ ಒಂದು ಚದರ ಮಿಲಿಮೀಟರ್ ಉಕ್ಕು ತುಂಡಾಗುವ ಮೊದ್ಲು ಎಷ್ಟು ನ್ಯೂಟನ್ ತಡೀತದೆ ಅಂತ ಬರ್ತದೆ, 8.8 ಅಂದ್ರೆ 800, 10.9 ಅಂದ್ರೆ 1000. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಗೇಟಿಗೆ ಹಾಕುವ ಸಾದಾ ಬೋಲ್ಟ್ 4.6, ಅಂದ್ರೆ 400. ಅಮೆರಿಕದ ಬೋಲ್ಟಲ್ಲಿ ಅಂಕಿ ಬದ್ಲು ಗೀಟು ಇರ್ತದೆ, ಮೂರು ಗೀಟಾದ್ರೆ ಗ್ರೇಡ್ 5, ಆರು ಗೀಟಾದ್ರೆ ಗ್ರೇಡ್ 8. ತಲೆ ಬೋಳಾಗಿದ್ದ ಬೋಲ್ಟನ್ನು ಹಿಚ್‌ಗೆ ಹಾಕ್ಲೇಬಾರ್ದು. ದಪ್ಪ ನೋಡಿ ಮೋಸ ಹೋಗ್ಬೇಡಿ.

ಇನ್ನು ತೂಕದ ಲೆಕ್ಕ. ತುಂಬ ಜನ ಹೇಳುದು ನಮ್ಮ ಪಿಕಪ್ ಒಂದೂವರೆ ಟನ್ ಹೊರ್ತದೆ, ಹಾಗಾದ್ರೆ ಅದರ ಎರಡರಷ್ಟು ಎಳೀತದೆ ಅಂತ. ಹೊರುವ ಲೆಕ್ಕ ಬೇರೆ ಎಳೆಯುವ ಲೆಕ್ಕ ಬೇರೆ. ಎಳೆಯುವಾಗ ಹಿಚ್ ಮೇಲೆ ಬೀಳುವ ಬಲಕ್ಕೆ ಯುರೋಪಿನವರು ಡಿ ವ್ಯಾಲ್ಯೂ ಅಂತ ಒಂದು ಲೆಕ್ಕ ಇಟ್ಟಿದ್ದಾರೆ, ಗಾಡಿಯ ಒಟ್ಟು ತೂಕವನ್ನೂ ಟ್ರೇಲರ್‌ನ ಒಟ್ಟು ತೂಕವನ್ನೂ ಗುಣಿಸಿ, ಎರಡನ್ನೂ ಕೂಡಿಸಿದ್ದರಿಂದ ಭಾಗಿಸಿ, 9.81ರಿಂದ ಗುಣಿಸುದು. ಲೋಡ್ ಸಮೇತ 3 ಟನ್ನಿನ ಪಿಕಪ್ಪು, ಹಿಂದೆ ಒಂದೂವರೆ ಟನ್ನಿನ ಟ್ರೇಲರ್ ಅಂದ್ರೆ ಸುಮಾರು 9.8 ಕಿಲೋನ್ಯೂಟನ್ ಬರ್ತದೆ. ಹಿಚ್‌ನ ಪ್ಲೇಟಲ್ಲಿ ಅದಕ್ಕಿಂತ ಜಾಸ್ತಿ ಬರ್ದಿದ್ರೆ ಹಾಕ್ಬಹುದು, ಕಮ್ಮಿ ಬರ್ದಿದ್ರೆ ಮುಟ್ಟಬಾರ್ದು. ಹತ್ತನೇ ಕ್ಲಾಸಿನ ಮಗುವೂ ಮಾಡುವ ಲೆಕ್ಕ ಇದು, ಆದ್ರೆ ಪ್ಲೇಟೇ ಇಲ್ಲದಿದ್ರೆ ಯಾವುದಕ್ಕೆ ಹೋಲಿಸಿ ನೋಡುದು? ಮತ್ತೆ ಹಿಚ್ ದೊಡ್ಡದು ಹಾಕಿದ್ರೆ ಗಾಡಿಯ ತಾಕತ್ತು ಜಾಸ್ತಿ ಆಗುದಿಲ್ಲ, ಗಾಡಿ, ಹಿಚ್, ಬಾಲ್, ಅದರ ಮೇಲೆ ಕೂರುವ ಟ್ರೇಲರ್‌ನ ಕಪ್ಲರ್, ಟ್ರೇಲರ್ ಟಯರ್ ಇಷ್ಟರಲ್ಲಿ ಯಾವುದರ ನಂಬರ್ ಎಲ್ಲದಕ್ಕಿಂತ ಸಣ್ಣದೋ ಅದೇ ಲೆಕ್ಕಕ್ಕೆ.

ಬಾಲ್ ಮೇಲೆ ಕೂರುವ ಭಾರ ಇನ್ನೂ ಮುಖ್ಯ, ಇದರ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುದೇ ಇಲ್ಲ. ಟ್ರೇಲರ್‌ನ ಮೂತಿ ಹಿಚ್ ಮೇಲೆ ಸ್ವಲ್ಪ ಒತ್ತಿ ಕೂರ್ಬೇಕು. ಅಮೆರಿಕದ ಲೆಕ್ಕದಲ್ಲಿ ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಭಾಗ, ಯುರೋಪಲ್ಲಿ ಇದಕ್ಕಿಂತ ಕಮ್ಮಿ ಇಟ್ಕೊಳ್ತಾರೆ. ಭಾರ ತೀರ ಕಮ್ಮಿ ಆಗಿ ಟ್ರೇಲರ್‌ನ ಹಿಂಬದಿ ಜಾಸ್ತಿ ತೂಗಿದ್ರೆ ಸ್ಪೀಡ್ ತಗೊಂಡ ಕೂಡ್ಲೆ ಟ್ರೇಲರ್ ಬಾಲ ಅಲ್ಲಾಡಿಸ್ಲಿಕ್ಕೆ ಶುರು ಮಾಡ್ತದೆ, ಒಮ್ಮೆ ಶುರುವಾದ್ರೆ ಪ್ರತಿ ಸಲ ದೊಡ್ಡದಾಗಿ ಆಗಿ ಕೊನೆಗೆ ಪಿಕಪ್ಪನ್ನೇ ತಿರುಗಿಸಿ ರಸ್ತೆಗೆ ಅಡ್ಡ ಹಾಕ್ತದೆ. ಅಂಥ ಹೊತ್ತಲ್ಲಿ ಬ್ರೇಕ್ ಗಕ್ಕಂತ ಒತ್ತಬಾರ್ದು, ಸ್ಟೇರಿಂಗ್ ತಿರುಗಿಸಿ ಸರಿ ಮಾಡ್ಲಿಕ್ಕೂ ಹೋಗ್ಬಾರ್ದು, ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಟ್ಟು ಮೆಲ್ಲ ನಿಧಾನ ಆಗ್ಲಿಕ್ಕೆ ಬಿಡ್ಬೇಕು. ಭಾರ ತೀರ ಜಾಸ್ತಿ ಆದ್ರೂ ಕಷ್ಟ. ಮುಂದಿನ ಹಿಂದಿನ ಚಕ್ರದ ಮಧ್ಯೆ 3 ಮೀಟರ್ ದೂರ, ಬಾಲ್ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದೆ ಅಂತ ಇಟ್ಕೊಳ್ಳಿ, ಬಾಲ್ ಮೇಲೆ 100 ಕೆಜಿ ಕೂತ್ರೆ ಹಿಂದಿನ ಆಕ್ಸಲ್ ಮೇಲೆ ಬೀಳುದು 100 ಅಲ್ಲ 140 ಕೆಜಿ, ಯಾಕಂದ್ರೆ ಮುಂದಿನ ಚಕ್ರದಿಂದ 40 ಕೆಜಿ ಎತ್ತಿ ಹಿಂದೆ ಹಾಕಿರ್ತದೆ. ಸ್ಟೇರಿಂಗ್ ಹಗುರ ಆಗುದು, ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುದು ಎಲ್ಲ ಇದರಿಂದಲೇ. ಸಣ್ಣ ಟ್ರೇಲರ್‌ನ ಈ ಭಾರ ಅಳೀಲಿಕ್ಕೆ ದೊಡ್ಡ ತೂಕದ ಸೇತುವೆ ಬೇಡ, ಮನೆಯಲ್ಲಿ ನಾವು ನಿಂತು ತೂಕ ನೋಡುವ ಮಷಿನ್ ಮೇಲೆ ಬಾಲ್‌ನ ಎತ್ತರಕ್ಕೆ ಸರಿಯಾಗಿ ಒಂದು ಮರದ ತುಂಡು ನಿಲ್ಲಿಸಿ ಮೂತಿ ಇಟ್ರೆ ಗೊತ್ತಾಗ್ತದೆ.

ಬಾಲ್ ಸೈಜು ಒಂದು ದೊಡ್ಡ ಅಪಾಯ. 50 ಮಿಲಿಮೀಟರ್ ಬಾಲ್ ಉಂಟು, 2 ಇಂಚಿನ ಬಾಲ್ ಉಂಟು, 2 ಇಂಚು ಅಂದ್ರೆ 50.8, ಕಣ್ಣಿಗೆ ಎರಡೂ ಒಂದೇ. ಮತ್ತೆ 1 ಇಂಚು 7/8ರದ್ದು, ಅದು 47.6 ಮಿಲಿಮೀಟರ್. 2 ಇಂಚಿನ ಕಪ್ಲರ್ ಈ ಸಣ್ಣ ಬಾಲ್ ಮೇಲೆ ಚೆಂದಕ್ಕೆ ಕೂರ್ತದೆ, ಲಾಕೂ ಬೀಳ್ತದೆ, ಹೊರಡುವಾಗ ಎಲ್ಲ ಸರಿ, ಆಮೇಲೆ ಒಂದು ಹಂಪಲ್ಲಿ ಮೇಲೆ ಹಾರಿ ಬಿಡಿಸಿಕೊಳ್ತದೆ. ಅದಕ್ಕೆ ಲಾಕ್ ಹಾಕಿದ ಮೇಲೆ ಟ್ರೇಲರ್ ಮೂತಿಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿ ನೋಡ್ಬೇಕು, ಪಿಕಪ್‌ನ ಹಿಂಬದಿಯೂ ಒಟ್ಟಿಗೇ ಎದ್ರೆ ಸರಿ ಕೂತಿದೆ ಅಂತ, ಮೂತಿ ಮಾತ್ರ ಎದ್ದು ಬಂದ್ರೆ ಅಲ್ಲೇ ನಿಲ್ಲಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಕೈ ಕೊಟ್ರೆ ಅಂತಲೇ ಸೇಫ್ಟಿ ಚೈನು ಇರುದು. ಎರಡು ಚೈನು, ಮೂತಿಯ ಅಡಿಯಿಂದ ಒಂದಕ್ಕೊಂದು ಅಡ್ಡ ಹಾಯುವ ಹಾಗೆ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ. ಹಾಗೆ ಹಾಕಿದ್ರೆ ಬಾಲ್ ಬಿಟ್ಟು ಹೋದ್ರೂ ಮೂತಿ ರಸ್ತೆಗೆ ಚುಚ್ಚದೆ ಆ ಚೈನಿನ ಮೇಲೆ ಕೂರ್ತದೆ, ಡ್ರೈವರ್‌ಗೆ ಗಾಡಿ ನಿಲ್ಲಿಸ್ಲಿಕ್ಕೆ ಟೈಮ್ ಸಿಗ್ತದೆ. ಚೈನು ತಿರುವಿನಲ್ಲಿ ಬಿಗಿ ಆಗದಷ್ಟು ಉದ್ದ ಇರ್ಬೇಕು, ರಸ್ತೆಗೆ ಉಜ್ಜುವಷ್ಟು ಉದ್ದ ಇರ್ಬಾರ್ದು, ಸಿಕ್ಕಿಸುದು ಹಿಚ್‌ನ ಬಳೆಗೇ ಹೊರತು ಬಂಪರ್‌ಗೆ ಅಲ್ಲ. ಮಿಲ್ಲರ್ ಎಳೆಯುವ ಗಾಡಿಗಳಲ್ಲಿ ಚೈನು ನಾನು ನೋಡಿದ್ದೇ ಅಪರೂಪ. ಒಂದು ಹೊತ್ತಿನ ಡೀಸೆಲ್ ಖರ್ಚಿನಲ್ಲಿ ಬರುವ ಸಾಮಾನು ಅದು.

ಲೈಟ್ ಬಗ್ಗೆ ಮೇಲೆ ಹೇಳಿದೆ. ಹಿಚ್ ಹಾಕಿಸುವಾಗಲೇ 7 ಪಿನ್ನಿನ ಸಾಕೆಟ್ ಹಾಕಿಸಿದ್ರೆ ಅರ್ಧ ಸಮಸ್ಯೆ ಮುಗೀತು. ಹಳದಿ ವಯರ್ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಬಿಳಿ ಅರ್ತ್, ಕೆಂಪು ಬ್ರೇಕ್ ಲೈಟು, ಕಂದು ಬಲದ ಟೈಲ್ ಲೈಟು, ಕಪ್ಪು ಎಡದ್ದು, ನೀಲಿ ಫಾಗ್ ಲೈಟಿಗೆ. ಇದು ಯುರೋಪಿನ ಕ್ರಮ, ಇಂಡಿಕೇಟರ್ ಬ್ರೇಕ್ ಬೇರೆ ಬೇರೆ ಇರುವ ನಮ್ಮ ಗಾಡಿಗಳಿಗೆ ಸರಿ ಹೋಗ್ತದೆ, ಅಮೆರಿಕದ 4 ಪಿನ್ನಿನದ್ದರಲ್ಲಿ ಇಂಡಿಕೇಟರ್ ಬ್ರೇಕ್ ಒಂದೇ ವಯರಲ್ಲಿ ಬರ್ತದೆ, ಅದನ್ನು ತಂದು ಇಲ್ಲಿ ಹಾಕಿದ್ರೆ ನಡುವೆ ಕನ್ವರ್ಟರ್ ಬೇಕು. ಇಂಡಿಕೇಟರ್ ಹಾಕಿದಾಗ ಟ್ರೇಲರ್‌ನ ಎಲ್ಲ ಲೈಟು ಮಂಕಾಗಿ ಮಿಣಮಿಣ ಅಂದ್ರೆ ಬಲ್ಬ್ ಬದಲಿಸ್ಲಿಕ್ಕೆ ಹೋಗ್ಬೇಡಿ, ಅರ್ತ್ ಸರಿ ಇಲ್ಲ ಅಂತ ಲೆಕ್ಕ. ನಮ್ಮ ಕಡೆಯ ಮಳೆಗೆ ಚುಚ್ಚಿ ಕೂರಿಸುವ ಕ್ಲಿಪ್ಪು ಉಳಿಯುದಿಲ್ಲ, ವಯರ್ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಹಾಕಿ, ವಯರನ್ನು ಸೈಲೆನ್ಸರ್‌ನಿಂದ ದೂರ ತಗೊಂಡು ಹೋಗಿ, ಬಿಎಸ್6 ಡೀಸೆಲ್ ಗಾಡಿಯ ಸೈಲೆನ್ಸರ್ ಫಿಲ್ಟರ್ ತನ್ನೊಳಗಿನ ಮಸಿ ಸುಟ್ಟು ಕ್ಲೀನ್ ಮಾಡುವಾಗ ಆ ಪೈಪು ಸಿಕ್ಕಾಪಟ್ಟೆ ಬಿಸಿ ಆಗ್ತದೆ. ಮಿಲ್ಲರ್‌ಗೆ ಖಾಯಂ ಲೈಟ್ ಕೂರಿಸಿದ್ರೆ ಸಿಮೆಂಟ್ ತಾಗಿ ಹಾಳಾಗ್ತದೆ ಅನ್ನುವವರಿಗೆ ಲೈಟ್ ಬೋರ್ಡ್ ಅಂತ ಬರ್ತದೆ, ಒಂದು ಹಲಗೆಯಲ್ಲಿ ಎಲ್ಲ ಲೈಟು ಇರ್ತದೆ, ಎಳೆಯುವಾಗ ಹಿಂದೆ ಕಟ್ಟಿದ್ರಾಯ್ತು, ಸೈಟಲ್ಲಿ ಬಿಚ್ಚಿ ಇಟ್ರಾಯ್ತು.

ಬ್ರೇಕ್ ಬಗ್ಗೆ ಒಂದೇ ಮಾತು. ಯುರೋಪಲ್ಲಿ 750 ಕೆಜಿ ಮೀರಿದ ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರ್ಲೇಬೇಕು. ಇಲ್ಲಿ ಹಾಪರ್ ಇರುವ ಮಿಲ್ಲರ್ ಟನ್ ಲೆಕ್ಕದಲ್ಲೇ ತೂಗುದು, ಅದಕ್ಕೆ ಬ್ರೇಕೂ ಇಲ್ಲ ಪ್ಲೇಟ್ ಸ್ಪ್ರಿಂಗೂ ಇಲ್ಲ, ಅದನ್ನು ಎಳ್ಕೊಂಡು ಆಗುಂಬೆಯ ಹೇರ್‌ಪಿನ್ ತಿರುವಲ್ಲಿ, ಹುಲಿಕಲ್ ಘಾಟಿಯಲ್ಲಿ ಇಳಿಯುವವರಿದ್ದಾರೆ. ಹಾಗೆ ಮಾಡ್ಲೇಬೇಡಿ ಅಂತ ಕೈ ಮುಗಿದು ಕೇಳ್ತೇನೆ. ಘಾಟಿ ದಾಟಿಸ್ಬೇಕಾದ್ರೆ ಲಾರಿ ಮೇಲೆ ಹೇರಿ.

ಇನ್ನೊಂದು ಗುಂಪಿನವರ ಬಗ್ಗೆಯೂ ಹೇಳ್ಬೇಕು, ಎಂತದ್ದನ್ನೂ ಎಳೀದೆ ಸುಮ್ನೆ ಹಿಂದೆ ಹುಕ್ ಹಾಕಿಸುವವರು. ಜೀಪು, ಎಸ್‌ಯುವಿ, ಪಿಕಪ್ ಎಲ್ಲದಕ್ಕೂ ಈಗ ಇದೊಂದು ಫ್ಯಾಶನ್, ಹಿಂದಿಂದ ಯಾರಾದ್ರೂ ಗುದ್ದಿದ್ರೆ ನಮ್ಮ ಬಂಪರ್‌ಗೆ ಏನೂ ಆಗ್ಬಾರ್ದು ಅಂತ ಹಾಕಿಸುದಂತೆ. ಹಿಂದಿಂದ ಗುದ್ದುವುದು ಹೆಚ್ಚಾಗಿ ಬೈಕು ಸ್ಕೂಟರಿನವರು, ಆ ಹುಕ್ಕು ಅವರ ಮೊಣಕಾಲಿನ ಎತ್ತರಕ್ಕೆ ಸರಿಯಾಗಿ ಇರ್ತದೆ. ಪಾರ್ಕಿಂಗ್‌ನಲ್ಲಿ ಕತ್ತಲಲ್ಲಿ ನಡೆದು ಹೋಗುವವರ ಮೊಣಕಾಲ ಗಂಟಿಗೆ ತಾಗಿದ್ರೆ ಎಂತ ಆಗ್ತದೆ ಅಂತ ತಾಗಿಸಿಕೊಂಡವರನ್ನೇ ಕೇಳಿ. ಗಾಡಿಯ ಒಳಗೆ ಕೂತವರಿಗೂ ಇದರಿಂದ ಲಾಭ ಇಲ್ಲ, ಬಂಪರ್ ಬಗ್ಗಿ ತಡೀಬೇಕಾದ ಪೆಟ್ಟು ಹುಕ್ಕಿನ ಮೂಲಕ ಸೀದಾ ಚಾಸಿಸ್‌ಗೆ ಬಂದು ಒಳಗಿದ್ದವರ ಕುತ್ತಿಗೆಗೆ ಸಿಗ್ತದೆ. ರಿಸೀವರ್ ಇರುವ ಹಿಚ್‌ನಲ್ಲಿ ಬಾಲ್ ಇರುವ ಭಾಗ ಒಂದು ಪಿನ್ ತೆಗೆದ್ರೆ ಹೊರಗೆ ಬರ್ತದೆ, ಕೆಲಸ ಮುಗಿದ ಕೂಡ್ಲೆ ಬಿಚ್ಚಿ ಗಾಡಿ ಒಳಗೆ ಇಡ್ಲಿಕ್ಕೆಂದೇ ಹಾಗೆ ಮಾಡಿದ್ದು. ಎದುರಿನ ಬುಲ್ ಬಾರ್ ತೆಗೆಸ್ಬೇಕು ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರ್ದಿತ್ತು, ಹಿಂದಿನ ಈ ಶೋಕಿ ಹುಕ್ಕಿಗೂ ಅದೇ ಗಟ್ಟಿತನ ಬೇಕು.

ಕಾನೂನು ಇಲ್ಲ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ಸೆಕ್ಷನ್ 52ರಲ್ಲಿ ಆರ್‌ಸಿಯಲ್ಲಿ ಇರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸ್ಬಾರ್ದು ಅಂತ ಉಂಟು. 2019ರ ತಿದ್ದುಪಡಿಯಲ್ಲಿ 182ಎ ಬಂತು, ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲ ಆರು ತಿಂಗಳ ತನಕ ಜೈಲು, ಇಲ್ಲ ಎರಡೂ. ಆದ್ರೆ ಒಬ್ಬ ಪಿಕಪ್‌ನವ ಪ್ರಾಮಾಣಿಕವಾಗಿ, ನನಗೆ ಜನರೇಟರ್ ಎಳೀಬೇಕು, ಎಂತ ಹಿಚ್ ಹಾಕಿಸ್ಲಿ, ಎಲ್ಲಿ ಹಾಕಿಸ್ಲಿ, ಯಾವ ಕಾಗದ ತರ್ಲಿ ಅಂತ ಹೋಗಿ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ದಾರಿ ತೋರಿಸದೆ ದಂಡ ಮಾತ್ರ ಹಾಕಿದ್ರೆ ಅವನು ಪುನಃ ಹೋಗುದು ಅದೇ ವೆಲ್ಡಿಂಗ್ ಶೆಡ್ಡಿಗೆ, ಅದೂ ರಾತ್ರಿ.

ಹಾಗಾಗಿ ನಿಮ್ಮ ಪತ್ರಿಕೆ ಮೂಲಕ ನಾನು ಕೇಳುದು ಇಷ್ಟು. ಪಿಕಪ್ ಮಾರುವ ಕಂಪನಿಗಳು ಪ್ರತಿ ಮಾಡೆಲ್‌ಗೂ ಬ್ರೇಕ್ ಇರುವ ಟ್ರೇಲರ್ ಎಷ್ಟು, ಬ್ರೇಕ್ ಇಲ್ಲದ್ದು ಎಷ್ಟು, ಬಾಲ್ ಮೇಲೆ ಎಷ್ಟು ಅಂತ ಡೋರ್ ಪಕ್ಕದ ಪ್ಲೇಟಲ್ಲಿ ಕನ್ನಡದಲ್ಲೂ ಹಾಕ್ಲಿ, ಎಳೀಲೇಬಾರ್ದು ಅಂತಾದ್ರೆ ಹಾಗೇ ಬರೀಲಿ. ಬೋಲ್ಟ್ ಮೇಲೆ ಕೂರುವ ಹಿಚ್ಚು, 7 ಪಿನ್ ಸಾಕೆಟ್ಟು, ಚೈನು ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಶೋರೂಮಿನ ಪಾರ್ಟ್ಸ್ ಕೌಂಟರಲ್ಲೇ ಸಿಗ್ಲಿ. ಸಾರಿಗೆ ಇಲಾಖೆ ಅಂಥ ಹಿಚ್ ಹಾಕಿಸಿಕೊಳ್ಳುವವರಿಗೆ ಒಂದು ಪುಟದ ಸರಳ ಕ್ರಮ ಮಾಡಿ ಪ್ರತಿ ಆರ್‌ಟಿಒ ಗೋಡೆಗೆ ಅಂಟಿಸ್ಲಿ. ಐಟಿಐಗಳಲ್ಲಿ ಮೆಕ್ಯಾನಿಕ್ ಡೀಸೆಲ್ ಕಲಿಯುವ, ವೆಲ್ಡರ್ ಕಲಿಯುವ ಮಕ್ಕಳಿಗೆ ಎರಡು ದಿನ ಇದನ್ನು ಪ್ರಾಕ್ಟಿಕಲ್ ಆಗಿ ಹೇಳಿ ಕೊಡ್ಲಿ, ಆ ಮಕ್ಕಳೇ ನಾಳೆ ಶೆಡ್ಡು ಇಡುದು.

ಕುಂದಾಪುರ, ಬೈಂದೂರು ಕಡೆಯ ಯಾವುದೇ ಐಟಿಐಯವರು ಕರೆದ್ರೆ ನಾನು ಒಂದು ಹಳೇ ಟೋ ಬಾರು, ಟಾರ್ಕ್ ವ್ರೆಂಚು, ಆ ಸುರುಳಿ ತಂತಿ ಎಲ್ಲ ತಗೊಂಡು ಬಂದು ಮಾಡಿ ತೋರಿಸ್ತೇನೆ, ದುಡ್ಡು ಬೇಡ. ನನ್ನ ವಿಳಾಸ ಪತ್ರಿಕೆ ಕಚೇರಿಗೆ ಬೇರೆಯಾಗಿ ಕೊಟ್ಟಿದ್ದೇನೆ. ಮಿಲ್ಲರ್ ಇಟ್ಟುಕೊಂಡ ಕಂಟ್ರಾಕ್ಟರುಗಳು ಮಾತ್ರ ಕಂಪನಿ, ಇಲಾಖೆ ಅಂತ ಕಾಯ್ಬೇಡಿ, ಈ ವಾರವೇ ಎರಡು ಚೈನು, ಒಂದು ಲೈಟ್ ಬೋರ್ಡು, ಒಂದು ಸರಿಯಾದ ಲಾಕ್ ಪಿನ್ನು ತಂದು ಹಾಕಿ.

ಇಂತಿ ನಿಮ್ಮ ಓದುಗ,
ಒಬ್ಬ ಗ್ಯಾರೇಜ್ ಮೆಕ್ಯಾನಿಕ್, ಕುಂದಾಪುರ ತಾಲೂಕು